ಈರಣ್ಣ ಕೇಳಿದ ಸದ್ದು

ಈರಣ್ಣ, ಅಂದು ನಿನ್ನ ಕಿವಿ ತಪ್ಪಿರಲಿಲ್ಲ. ಸುಳ್ಳು ಹೇಳಿದವನು ನಾನು — ಹೇಳಿ, ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನಿನ್ನನ್ನು ನೌಕಾಪಡೆಯ ಹಡಗಿನ ಸೋನಾರ್ ಕೋಣೆಯಿಂದ ಹೊರಗೆ ಹಾಕಿಸಿದವನೂ ನಾನೇ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ನಮ್ಮ ಸೋನಾರ್ ತಾನು ಸದ್ದು ಮಾಡುತ್ತಿರಲಿಲ್ಲ, ನೀರೊಳಗಿನ ಸದ್ದನ್ನು ಕೇಳುತ್ತಿತ್ತು, ಅಷ್ಟೇ. ಪರದೆಯ ಮೇಲೆ ಗೆರೆ ಮೂಡಿಸಲಾರದ ಸಣ್ಣ ಸದ್ದಿಗೆ ಮನುಷ್ಯನ ಕಿವಿಯೇ ಗತಿ. ನನ್ನ ಕಿವಿಯೋ — ಗಜೇಂದ್ರಗಡದ ನಮ್ಮ ಮನೆಯ ಮಗ್ಗಗಳು, ಆಮೇಲೆ ಹಡಗಿನ ಎಂಜಿನ್ನುಗಳು, ಎರಡೂ ಸೇರಿ ತೆಳ್ಳನೆಯ ಸದ್ದುಗಳನ್ನೆಲ್ಲ ತಿಂದುಹಾಕಿದ್ದವು. ಯಾರಿಗೂ ತಿಳಿಯಲಿಲ್ಲ. ಮಗ್ಗದ ಮನೆಯಲ್ಲಿ ಬೆಳೆದವನಲ್ಲವೇ, ಗದ್ದಲದ ನಡುವೆ ತುಟಿ ನೋಡಿಯೇ ಮಾತು ತಿಳಿಯುವ ರೂಢಿ. ಕಿವಿ ಪರೀಕ್ಷೆಯಲ್ಲೂ ಸದ್ದು ಬಿಡುವ ಪರೀಕ್ಷಕನ ಬೆರಳು ನೋಡುತ್ತ ನನ್ನ ಗುಂಡಿ ಒತ್ತಿದೆ. ಥೂ!

ಅಂದು ಕವಾಯತು; ಅಡಗಿ ಓಡಾಡುವ ನಮ್ಮದೇ ಜಲಾಂತರ್ಗಾಮಿಯನ್ನು ಸದ್ದಿನಿಂದ ಪತ್ತೆ ಹಚ್ಚಬೇಕಿತ್ತು. ಸೀಗಡಿಗಳು ಕೊಂಡಿ ಬಡಿಯುವ ಚಟಪಟ ನೀರೆಲ್ಲ ತುಂಬಿತ್ತು. ಅದರ ನಡುವೆಯೇ ನೀನು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಸಾಹೇಬ್ರ, ಬಲಗಡೆ ಸಣ್ಣಗ ಏನೋ ಕೂಗಾಕತ್ತೈತ್ರಿ. ಖರೇನ ಐತ್ರಿ, ನೀವೂ ಕೇಳ್ರಿ."

ಕೇಳಿದೆ. ಸೀಗಡಿ ಬಿಟ್ಟರೆ — ಏನೂ ಇಲ್ಲ. ನನಗೆ ಕೇಳಿಸುವುದಿಲ್ಲ ಎನ್ನಬಹುದಿತ್ತು. "ನಿನ್ನ ಕಿವಿ ಕೆಟ್ಟೈತಿ, ಸುಮ್ನ ಕುಂದ್ರು" ಎಂದೆ. ನೀನು ಪಟ್ಟು ಬಿಡಲಿಲ್ಲ. ಇಲ್ಲದ ಸದ್ದು ಕೇಳುವವನೆಂದು ದೂರು ಹೇಳಿ ನಿನ್ನನ್ನು ಉಗ್ರಾಣದ ಕೆಲಸಕ್ಕೆ ಕಳಿಸಿದೆ. ಕವಾಯತು ಮುಗಿದ ಮೇಲೆ ಅಧಿಕಾರಿ ನನಗೆ ನಕಾಶೆ ತೋರಿಸಿದರು — ನೀನು ಹೇಳಿದ ದಿಕ್ಕಿನಲ್ಲೇ ಜಲಾಂತರ್ಗಾಮಿ ಹಾದುಹೋಗಿತ್ತು. ನಾನು ದೂರು ಹಿಂತೆಗೆದುಕೊಳ್ಳಲಿಲ್ಲ, ನಿನಗೂ ತಿಳಿಸಲಿಲ್ಲ.

ಮೊನ್ನೆ ನಾನು, ನನ್ನ ಹೆಂಡತಿ ನರೇಗಲ್ಲಿನ ನಿನ್ನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ನೀನು ತಟ್ಟನೆ ತಲೆ ಎತ್ತಿದೆ.

"ಏನೋ ಕೂಗಿದಂಗ ಆತ್ರಿ... ನಿಮಗ ಕೇಳಿಸ್ತೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ.

"ಹೌದ್ಬಿಡ್ರಿ, ನನ್ನ ಕಿವೀನ ಮೊದಲಿಂದ ಹಿಂಗ" ಎಂದು ನೀನು ನಕ್ಕುಬಿಟ್ಟೆ.

ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ಕೇಳಿದಳು: "ನಿಮ್ಮ ಕೈಯಾಗಿನ ಗಡಿಯಾರದ ಅಲಾರಾಮ್ ಕೂಗಾಕತ್ತಿತ್ತಲ್ಲ, ಇಲ್ಲಂತ ಯಾಕ ಅಂದ್ರಿ?"

ಇಷ್ಟು ವರ್ಷ ನೀನು ನಿನ್ನ ಕಿವಿಯನ್ನು ನಂಬದೆ ನನ್ನ ಮಾತನ್ನು ನಂಬಿ ಬದುಕಿದ್ದೀಯ. ನಾಳೆ ಮತ್ತೆ ಬರುತ್ತೇನೆ, ಈರಣ್ಣ. ಇದನ್ನೆಲ್ಲ ನಿನ್ನ ಹೆಂಡತಿ ಮಕ್ಕಳ ಎದುರಿಗೇ ಹೇಳುತ್ತೇನೆ. ನೀನು ಮುಖಕ್ಕೆ ಉಗುಳಿದರೂ — ಒರೆಸಿಕೊಳ್ಳುವುದಿಲ್ಲ.