ಒಬ್ಬ ಅಕ್ಕ, ಎರಡು ನಮೂದು

"ಆ ಹುಡುಗಿ ಒಂದೇ ಪುಸ್ತಕ ಬರೆದಳು, ಮದುವೆಯಾದ ಮೇಲೆ ಲೇಖನಿ ಕೆಳಗಿಟ್ಟಳು." ಮಹಾರಾಷ್ಟ್ರದ ನಮ್ಮ ಇಚಲಕರಂಜಿಯಲ್ಲಿ ಕನ್ನಡ ಪುಸ್ತಕಗಳ ಮಾತು ಬಂದಾಗಲೆಲ್ಲ ನನ್ನ ಅಕ್ಕನ ಬಗ್ಗೆ ಹೀಗೆ ಹೇಳುತ್ತಾರೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ನಿಂತವನು ನಾನು. ಆದರೂ ಹೇಳುತ್ತೇನೆ, ಇದು ಸುಳ್ಳು. ಆಕೆ ಬರೆದದ್ದು ಎರಡು. ಮೊದಲನೆಯದು ಮಗ್ಗದ ಶೆಡ್ಡುಗಳಲ್ಲಿ ನೂಲಿನ ಕಂಡಿಕೆ ಸುತ್ತುವ ಹೆಂಗಸರ ಕನ್ನಡ ಕಥೆಗಳು. ಎರಡನೆಯದು, ಎಷ್ಟೋ ವರ್ಷಗಳ ಮೇಲೆ, ಗಂಡನ ಊರಾದ ಗಡಹಿಂಗ್ಲಜದಲ್ಲಿ ಕೂತು ಬರೆದ ಮರಾಠಿ ಕಥೆಗಳು.

ನಮ್ಮಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಅದರ ಮೇಲೆ ವರ ಉಂಗುರದಿಂದ ವಧುವಿನ ಹೊಸ ಹೆಸರು ಬರೆಯುತ್ತಾನೆ. ಅಡ್ಡಹೆಸರಷ್ಟೇ ಅಲ್ಲ, ತಾಯಿ ಕರೆದ ಹೆಸರೂ ಅಂದಿಗೆ ಹೋಗುತ್ತದೆ. ಅಕ್ಕನ ಹೆಸರು ಬರೆದ ಅಕ್ಕಿ ಮರುದಿನ ಅನ್ನವಾಯಿತು. ಬೇರೆ ದಾಖಲೆ ಯಾವುದೂ ಆಗಲಿಲ್ಲ.

ಆಕೆ ತೀರಿಕೊಂಡ ಮೇಲೆ ಕೊಲ್ಹಾಪುರದ ಗ್ರಂಥಾಲಯವೊಂದರ ಕಂಪ್ಯೂಟರ್ ಸೂಚಿಯಲ್ಲಿ ಹುಡುಕಿದೆ. ಹಳೆಯ ಹೆಸರಿಗೆ ಒಂದು ಪುಸ್ತಕ, ಹೊಸ ಹೆಸರಿಗೆ ಒಂದು. ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ನಾನು ಕೇಳಿದ್ದು ಒಂದೇ ಸಾಲು: ಈ ಹೆಸರು ಹುಡುಕಿದವರು ಆ ಹೆಸರನ್ನೂ ನೋಡಿರಿ.

ಸೂಚಿ ನೋಡಿಕೊಳ್ಳುವವಳು ಮನೆಯಲ್ಲಿ ಕನ್ನಡ ಆಡುವ ಜೈನರ ಮಗಳು. "ಕಾಕಾ, ಹುಟ್ಟಿದ ವರ್ಷ ಸಿಕ್ಕರ ಹೆಸರಿನ ಮುಂದ ಹಾಕತೀನ್ರಿ. ಆಗ ಯಾರದೂ ಅದಲಾಬದಲಿ ಆಗೂದಿಲ್ಲ," ಎಂದಳು. ಅಕ್ಕ ಶಾಲೆ ಬಿಟ್ಟಾಗಿನ ದಾಖಲೆ ಹುಡುಕಿ ತಂದುಕೊಟ್ಟೆ. ಮುಂದಿನ ತಿಂಗಳು ಹೋಗಿ ನೋಡಿದರೆ, ಹಳೆಯ ಹೆಸರಿಗೆ ವರ್ಷ ಸೇರಿತ್ತು. ಹೊಸದು ಬರಿದಾಗಿಯೇ ಇತ್ತು.

"ಇದೇನ ಮಾಡಿದಿ ಯವ್ವಾ? ಎರಡು ಹೆಸರ ಇದ್ದುವು, ಈಗ ಇಬ್ಬರು ಹೆಣ್ಮಕ್ಕಳ ಆಗಿ ಕುಂತಾರಲ್ಲ!"

"ಏನ್ ಮಾಡ್ಲಿರಿ ಕಾಕಾ, ನೀವು ತಂದ ಕಾಗದದಾಗ ಹಳೇ ಹೆಸರಷ್ಟ ಐತಿ. ಇಬ್ಬರೂ ಒಬ್ಬರ ಅಂತ ಅವರ ಯಜಮಾನರ ಕಡಿಂದ ಬರಿಸಿ ತರ್ರಿ, ಸಾಕು."

ಸಾಕ್ಷ್ಯ ತಂದುಕೊಟ್ಟು ಅಕ್ಕನನ್ನು ಇಬ್ಬರಾಗಿ ಒಡೆದವನು ನಾನೇ.

ಗಡಹಿಂಗ್ಲಜಕ್ಕೆ ಹೋದೆ. ಅಕ್ಕನ ಗಂಡನನ್ನು ನಾವು ದಾಜಿ ಎನ್ನುತ್ತೇವೆ. ಇಬ್ಬರೂ ಒಬ್ಬರೇ ಎಂದು ನಾನು ಬರೆದೊಯ್ದ ಕಾಗದ ಓದಿ ಅವರು ನಕ್ಕರು. "ಸಾಲಿಗಿ ಬೆನ್ನ ತೋರಿಸಿದಾವ ಲೈಬ್ರರಿಗೆ ಶಾಣ್ಯಾತನ ಕಲಸಾಕ ಹೊಂಟಾನ!"

"ಸಹಿ ಅಷ್ಟ ಮಾಡ್ರಿ, ದಾಜಿ."

"ಆ ಹೆಸರಿನಾಕಿ ನಮ್ಮ ಮನೀಗೆ ಬಂದಽ ಇಲ್ಲ. ನಾ ಬರದ ಹೆಸರಿನಾಕಿ ಬಂದಾಳ."

"ಹಂಗಾರ ಕನ್ನಡ ಕಥಿ ಯಾರ ಬರದ್ರು?"

"ನಿಮ್ಮ ಮನಿ ಮಗಳು. ಆಕೀನ್ನ ನೀವಽ ಇಟಗೋರಿ."

ಸಹಿ ಆಗಲಿಲ್ಲ. ಮುಂದಿನ ಮಳೆಗಾಲಕ್ಕೆ ದಾಜಿಯೂ ಹೋದರು. ಬರೆದುಕೊಡಬಲ್ಲ ಕೈ ಇನ್ನಿಲ್ಲ. ಭಾಷಣಗಳಲ್ಲಿ ಅಕ್ಕ ಈಗಲೂ ಲೇಖನಿ ಕೆಳಗಿಡುತ್ತಲೇ ಇದ್ದಾಳೆ.

ಗಡಹಿಂಗ್ಲಜದ ಹಳೆಯ ವಾಚನಾಲಯದಲ್ಲಿ, ಬಂದ ಪುಸ್ತಕಗಳನ್ನು ಬರೆದಿಡುವ ವಹಿಯ ಒಂದು ಪುಟ ನನಗೆ ಸಿಕ್ಕಿತು. ಅದರ ಚಿತ್ರ ಕೊಲ್ಹಾಪುರಕ್ಕೆ ಒಯ್ದು ಸೂಚಿಯವಳಿಗೆ ತೋರಿಸಿದೆ. "ಅಕ್ಷರ ಒಂದ ಥರಾ ಕಾಣತಾವ, ಕಾಕಾ. ಬರೇ ಅಕ್ಷರ ನೋಡಿ ಇಬ್ಬರೂ ಒಬ್ಬರ ಅಂತ ಬರಿಯಾಕ ನಮಗ ಬರಂಗಿಲ್ರಿ," ಎಂದು ಆ ಹುಡುಗಿ ಕಣ್ಣು ತಗ್ಗಿಸಿದಳು. ಅವಳ ನಿಯಮದಲ್ಲಿ ತಪ್ಪಿಲ್ಲ. ಸೂಚಿ ಇದ್ದಂತೆಯೇ ಇದೆ.

ನಂಬದವರು ಆ ವಾಚನಾಲಯಕ್ಕೆ ಹೋಗಿ ನೋಡಬಹುದು. ಬಾಗಿಲ ಎಡಕ್ಕೆ ಕಬ್ಬಿಣದ ಕಪಾಟು, ಕೆಳಗಿನ ಖಾನೆ, ಬೆನ್ನು ಕಿತ್ತ ವಹಿ, ಕೇಳಿದರೆ ತೆಗೆದುಕೊಡುತ್ತಾರೆ. ಒಂದರ ಕೆಳಗೊಂದು ಎರಡು ಸಾಲು, ಒಂದೇ ದಿನ, ಒಂದೇ ಶಾಯಿ: ಒಂದು ಕನ್ನಡ ಪುಸ್ತಕ, ಒಂದು ಮರಾಠಿ ಪುಸ್ತಕ. ಕೊಟ್ಟವರ ಸಹಿಯ ಜಾಗದಲ್ಲಿ ಮೊದಲ ಸಾಲಿಗೆ ತವರಿನ ಹೆಸರು, ಎರಡನೆಯದಕ್ಕೆ ಗಂಡನ ಮನೆಯ ಹೆಸರು. ಎರಡರ ಮುಂದೆಯೂ, ಸಹಿ ಮಾಡಿದ ಒಂದೇ ಕೈಯ ಅಕ್ಷರದಲ್ಲಿ, "ಸ್ವತಃ ಲೇಖಕಿ."