ನಾನು ಅಳಿಸದ ತೂತು

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಬೀರೂರಿನ ಹೊರಗೆ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಕಾರ್ಖಾನೆಯೊಂದಕ್ಕೆ ಕಂಪ್ಯೂಟರ್ ಬಂತು. ಅಜ್ಜಂಪುರದಿಂದ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದ ನನ್ನನ್ನು ಅದರ ಮುಂದೆ ಕೂರಿಸಿದರು. ಟ್ರೇಲರಿನ ಒಂದೊಂದು ಭಾಗ ಎಷ್ಟು ಭಾರ ತಡೆದೀತು ಎಂದು ಅದು ಲೆಕ್ಕ ಹಾಕಬೇಕಾದರೆ, ಮೊದಲು ಆ ಭಾಗದ ಚಿತ್ರವನ್ನು ಬಲೆಯ ಕಣ್ಣುಗಳ ಹಾಗೆ ಚೂರುಚೂರು ಮಾಡಬೇಕು. ಸಣ್ಣ ತೂತು, ಸಣ್ಣ ಅಂಚು ಇದ್ದಲ್ಲೆಲ್ಲ ಬಲೆ ಕಿಕ್ಕಿರಿದು ಯಂತ್ರ ಏದುಸಿರು ಬಿಡುತ್ತಿತ್ತು. ಹಾಗಾಗಿ ಲೆಕ್ಕಕ್ಕೆ ಬೇಡದ್ದನ್ನೆಲ್ಲ ಮೊದಲೇ ಅಳಿಸುವುದು ನನ್ನ ಕೆಲಸ. ಮೊರದಲ್ಲಿ ಅಕ್ಕಿ ಆರಿಸಿ ಬೆಳೆದವಳಿಗೆ ಅದೇನು ಕಷ್ಟ ಅನ್ನಿ!

ಟ್ರ್ಯಾಕ್ಟರಿಗೆ ಸಿಕ್ಕಿಸುವ ಮೂಕಿಯ ಸರದಿ ಬಂದಾಗ ಮಾತ್ರ ಉಲ್ಟಾ ಮಾಡಿದೆ. ನಕ್ಷೆಯಲ್ಲಿ ಇಲ್ಲದ ಒಂದು ತೂತನ್ನು ಅದರ ಕುತ್ತಿಗೆಗೆ ಸೇರಿಸಿದೆ. ನಮ್ಮ ಕಡೆ ಹೊಸ ಟ್ರೇಲರ್ ಮನೆಗೆ ಬಂದ ದಿನವೇ ಅಲ್ಲೊಂದು ತೂತು ಕೊರೆಸಿ, ದೃಷ್ಟಿಯಾಗದಿರಲೆಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ನಮ್ಮ ಚಿಕ್ಕಪ್ಪನೂ ಕೊರೆಸಿದ್ದ. ನಾನು ಬೇಡವೆಂದದ್ದಕ್ಕೆ, “ಮತ್ತೆಲ್ಲಿಗ್ ಕಟ್ಲೇ, ನಿನ್ ಜಡೆಗಾ?” ಎಂದಿದ್ದ. ಆ ಟ್ರೇಲರಿನ ತುಂಬ ಈರುಳ್ಳಿ ಮೂಟೆ, ಮೂಟೆಗಳ ಮೇಲೆ ಕೂಲಿ ಹೆಂಗಸರು.

ತೂತಿಟ್ಟು ಲೆಕ್ಕ ಹಾಕಿಸಿದರೆ, ಮೂಕಿ ಅಲ್ಲೇ ಸೀಳಿಹೋಗುತ್ತದೆ ಎಂದು ಬಂತು.

ಮ್ಯಾನೇಜರ್ ನಕ್ಕರು. “ಏನಮ್ಮಾ, ಕಂಪ್ಯೂಟರಿಗೂ ದೃಷ್ಟಿ ತೆಗೀತೀಯಾ? ಅಳಿಸು.”

“ಅಳಿಸಲ್ಲ ಸಾರ್.”

“ಕೊರೆಯೋದು ಅವರ ತಪ್ಪು ಕಣಮ್ಮ, ನಮ್ದಲ್ಲ.”

“ಇಲ್ಲಿ ಅಳಿಸಿದ್ರೆ ಕಂಪ್ಯೂಟರಿಂದ ಹೋಗ್ತದೆ. ಮೂಕಿಯಿಂದ ಹೋಗ್ತದಾ?”

“ಸರಿ, ಬೇರೆಯವ್ರ ಕೈಲಿ ಅಳಿಸ್ತೀನಿ. ನೀನು ಸೈನ್ ಹಾಕು, ಸಾಕು.”

“ಅದಂತೂ ಹಾಕಲ್ಲ.”

ಮನೆಗೆ ಹೋಗು ಎಂದರು. ಹೋಗಲಿಲ್ಲ. ಡಬ್ಬಿ ಬಿಚ್ಚಿ ಅವರೆದುರೇ ರೊಟ್ಟಿ ತಿಂದೆ. ಕಂಪ್ಯೂಟರ್ ಲೆಕ್ಕದ ಮೇಲೆ ನನ್ನ ಸಹಿಯಿಲ್ಲದೆ ಹೊಸ ಮೂಕಿ ಒಂದೂ ತಯಾರಾಗುವಂತಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಮಾರನೆಯ ದಿನವೂ ಬಂದು ಅದೇ ಕುರ್ಚಿಯಲ್ಲಿ ಕೂತೆ. ಅಕ್ಕಪಕ್ಕದವರು ನನ್ನ ಜೊತೆ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ.

ಸಂಜೆ ರೈಲಿಗೆ ಹೊರಡುವ ಹೊತ್ತಿಗೆ ಮ್ಯಾನೇಜರೇ ಬಂದು ನಿಂತರು. “ಈಗೇನು ಮಾಡ್ಬೇಕು ಅಂತೀಯಮ್ಮಾ?”

ಎಳೆತ ಬೀಳದ ಕಡೆ, ಟ್ರೇಲರಿನ ಮುಂಬದಿಯ ಕಬ್ಬಿಣದ ಹಲಗೆಗೆ, ನಾವೇ ಒಂದು ಕೊಂಡಿ ವೆಲ್ಡ್ ಮಾಡಿ ಕೊಟ್ಟರೆ ಯಾರೂ ಕುತ್ತಿಗೆ ಕೊರೆಯುವುದಿಲ್ಲ ಎಂದೆ. ಅವರು ನಕ್ಷೆಯನ್ನು ನನ್ನ ಮುಂದೆ ಸರಿಸಿದರು. ನಕ್ಷೆಯಲ್ಲಿ ಅದನ್ನು ಬರೆದು, ಪಕ್ಕದಲ್ಲಿ ‘ನಿಂಬೆಹಣ್ಣಿನ ಕೊಂಡಿ’ ಎಂದು ಹೆಸರಿಟ್ಟೆ. ಅವರು ಅದನ್ನು ಹೊಡೆದುಹಾಕಿ ‘ಹುಕ್’ ಎಂದು ಬರೆದರು.

ನಾನು ಮತ್ತೆ ‘ನಿಂಬೆಹಣ್ಣಿನ ಕೊಂಡಿ’ ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದೆ.