ಸತ್ತ ದೊಡ್ಡವರಿಗೆಲ್ಲ ಬೇಕಾದವಳು

ಟಿವಿಯಲ್ಲಿ ಮುಖ ಕಾಣಿಸಿಕೊಂಡ ಯಾರೇ ಸಾಯಲಿ, ಕಿಲ್ಲವಾಲ್ ಊರಿನಲ್ಲಿ ಮೊದಲು ಕರವಸ್ತ್ರ ಹುಡುಕುವವಳು ಅಟ್ರಾಕ್ಟಾ ಹೆವರಿನ್. ಸತ್ತವರ ಹೆಂಡತಿ ಮಕ್ಕಳಿಗಿಂತ ಒಂದು ಕೈ ಹೆಚ್ಚೇ ಅಳುತ್ತಾಳೆ ಎನ್ನಿ. ಗೋಲ್‌ಕೀಪರ್ ಸತ್ತನೋ, "ಅಯ್ಯೋ, ಎಂಥಾ ಹುಡುಗ, ಗಾಲ್ವೇಲಿ ನನ್ನ ಕೈ ಕುಲುಕಿದ್ದ." ಹವಾಮಾನ ಓದುತ್ತಿದ್ದವನು ಸತ್ತನೋ, "ಡಬ್ಲಿನ್ ಅಂಗಡೀಲಿ ನನಗೆ ಅಂತ ಬಾಗಿಲು ಹಿಡ್ಕೊಂಡು ನಿಂತಿದ್ದ ಪುಣ್ಯಾತ್ಮ." ಅಲ್ಲ ಎನ್ನಲು ಸತ್ತವರು ಎದ್ದು ಬರುವುದಿಲ್ಲವಲ್ಲ, ಅದೊಂದು ಅನುಕೂಲ.

ಕಿಲ್ಲವಾಲ್‌ನವರಿಗೆ ಸಾವೆಂದರೆ ಮೊದಲಿನಿಂದಲೂ ಹುರುಪು. ರೇಡಿಯೋದಲ್ಲಿ ಸುದ್ದಿ ಮುಗಿದ ಮೇಲೆ ಸತ್ತವರ ಹೆಸರು ಓದುವಾಗ ಯಾರ ಮನೆಯಲ್ಲೂ ಚಮಚ ಸದ್ದು ಮಾಡುವುದಿಲ್ಲ. ಕ್ರಿಸ್‌ಮಸ್ ಕಳೆದ ಭಾನುವಾರ ಪೂಜೆ ಮುಗಿಸಿ ಎಲ್ಲರೂ ಫೆಸ್ಟಸ್‌ನ ಪಬ್ಬಿನ ಹಿಂದಿನ ಕೋಣೆಗೆ ಬರುತ್ತಾರೆ. ಆ ವರ್ಷ ತೀರಿಹೋದ ದೊಡ್ಡವರನ್ನು ಒಬ್ಬೊಬ್ಬರನ್ನಾಗಿ ನೆನೆದು ಒಂದೊಂದು ಮೇಣದಬತ್ತಿ ಹಚ್ಚುತ್ತಾರೆ. ಪೇಪರಿನಲ್ಲಿ ಬಂದದ್ದನ್ನು ಅಲ್ಲಿ ಒಪ್ಪಿಸುವಂತಿಲ್ಲ. ಸತ್ತವರನ್ನು ಕಂಡು ಬಲ್ಲವರೇ ಏಳಬೇಕು, ತಾವೇ ಕಂಡದ್ದೊಂದನ್ನು ಹೇಳಬೇಕು. ಹೇಳಲು ಏನೂ ಇಲ್ಲದವರು ಬತ್ತಿ ಮುಟ್ಟುವ ಹಾಗಿಲ್ಲ. ಬೆಂಕಿಗೂಡಿನ ಪಕ್ಕದ ಕುರ್ಚಿ ಅಟ್ರಾಕ್ಟಾಳದು. ಬೇರೆಯವರು ಕೂತರೆ ಫೆಸ್ಟಸ್ಸೇ ಎಬ್ಬಿಸುತ್ತಾನೆ.

ಅವಳ ಬಂಡವಾಳವೆಲ್ಲ ಹಳೆಯ ಡಾನ್ಸ್ ಹಾಲಿನದು. ಹರೆಯದಲ್ಲಿ ಅಲ್ಲಿ ಚಹಾ ಕೊಡುತ್ತಿದ್ದಳು. ಒಂದು ರಾತ್ರಿ ಗಾಯಕ ಡೆಕ್ಲನ್ ಮುಲ್ವೀ ಹಾಡು ಮುಗಿಸಿ ಬಂದು ಒಂದು ಕಪ್ ಚಹಾ ಕೇಳಿದ್ದ. ಇಷ್ಟು ನಿಜ. ಮುಂದಿನ ವರ್ಷಗಳಲ್ಲಿ ಚಹಾದ ಜೊತೆಗೆ ಹ್ಯಾಮ್ ಸ್ಯಾಂಡ್‌ವಿಚ್ ಬಂತು. ಆಮೇಲೆ ಅವನು ಅಡಿಗೆಮನೆಯಲ್ಲೇ ಕೂತು ಊಟ ಮಾಡಿದ. ಅವನಿಗೆ ಅರವತ್ತಾಗುವ ಹೊತ್ತಿಗೆ ಅವಳ ಹೆಗಲ ಮೇಲೆ ತಲೆಯಿಟ್ಟು ತನ್ನ ತಾಯಿಯನ್ನು ನೆನೆದು ಅತ್ತೂ ಬಿಟ್ಟಿದ್ದ. ಇನ್ನೂ ಹತ್ತು ವರ್ಷ ಬದುಕಿದ್ದರೆ ಮದುವೆಯೇ ಆಗಿಬಿಡುತ್ತಿದ್ದನೋ ಏನೋ, ಬಡಪಾಯಿ.

ಮನೆಯಲ್ಲಿ ಅವಳ ಜೊತೆ ಇದ್ದವನು ತಮ್ಮ ಜಾರ್ಲತ್. ಅವನೂ ಮದುವೆಯಾದವನಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ರಸ್ತೆಗೆ ಉಪ್ಪು ಚೆಲ್ಲುವ ಕೌನ್ಸಿಲ್ ಲಾರಿ ಅವನ ಕೈಯಲ್ಲಿತ್ತು. ಮಾತು ಬಹಳ ಕಡಿಮೆ. ಅಕ್ಕ ಹೇಳುತ್ತಿದ್ದಳು, ತಮ್ಮ ಬೂಟು ಕಟ್ಟಿಕೊಳ್ಳುತ್ತಿದ್ದ. ಅವರಿಬ್ಬರ ಸಂಸಾರವೆಂದರೆ ಅಷ್ಟೇ.

ಕಳೆದ ನವೆಂಬರಿನಲ್ಲಿ ಡೆಕ್ಲನ್ ಮುಲ್ವೀ ಸತ್ತ. ಅಟ್ರಾಕ್ಟಾ ಕಪ್ಪು ಕೋಟು ಹೊರಗೆ ತೆಗೆದಳು. ಗುರುವಾರ ಲಾಂಗ್‌ಫರ್ಡ್‌ನಲ್ಲಿ ಮಣ್ಣು ಎಂದು ತಿಳಿದದ್ದೇ ತಡ, ಬಸ್ಸು ಗೊತ್ತು ಮಾಡಿದಳು. ಮನೆಮನೆಗೆ ಹೋಗಿ, "ಈ ದೇಶದಲ್ಲಿ ಹುಟ್ಟಿದೋರು ಇದಕ್ಕೂ ಬರ್ದಿದ್ರೆ ಇನ್ಯಾವುದಕ್ಕೆ ಬರ್ತೀರಿ?" ಎಂದು ಹೆದರಿಸಿ ಸೀಟು ತುಂಬಿಸಿದಳು. ಬುಧವಾರ ಬೆಳಿಗ್ಗೆ ನೋಡಿದರೆ ಜಾರ್ಲತ್ ಹಾಸಿಗೆಯಿಂದ ಏಳಲಿಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದ, ಯಾರಿಗೂ ತೊಂದರೆ ಕೊಡದೆ.

ಪಾದ್ರಿಗಳು ಶುಕ್ರವಾರ ಮಣ್ಣು ಎಂದರು. ಅಂದರೆ ಗುರುವಾರ ಇಡೀ ದಿನ ಮನೆ ಬಾಗಿಲು ತೆರೆದಿರಬೇಕು, ಪೆಟ್ಟಿಗೆ ನಡುಮನೆಯಲ್ಲಿರಬೇಕು, ಬಂದವರೆಲ್ಲ ಒಡಹುಟ್ಟಿದವಳ ಕೈ ಹಿಡಿದು ನಿನ್ನ ಕಷ್ಟಕ್ಕೆ ಮರುಗುತ್ತೇವೆ ಎನ್ನಬೇಕು. ಹೆಣವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ. ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ಬ್ರೀಜ್ ಲವೆಲ್ ಕೇಕು ಹಿಡಿದುಕೊಂಡು ಬಂದರೆ, ಅಟ್ರಾಕ್ಟಾ ಕನ್ನಡಿ ಮುಂದೆ ಟೋಪಿ ಸರಿಮಾಡಿಕೊಳ್ಳುತ್ತಿದ್ದಳು.

"ಎಲ್ಲಿಗೇ ಹೊರಟೆ?"

"ಲಾಂಗ್‌ಫರ್ಡ್‌ಗೆ. ಬಸ್ ಮಾಡಿದೋಳೇ ಹೋಗ್ದಿದ್ರೆ ಜನ ಏನಂತಾರೆ?"

"ತಮ್ಮ ಪೆಟ್ಟಿಗೇಲಿ ಮಲಗಿದ್ದಾನೆ ಕಣೇ!"

"ಜಾರ್ಲತ್ ಎಲ್ಲಿಗೆ ಹೋಗ್ತಾನೆ? ನಾಳೆವರೆಗೂ ಇಲ್ಲೇ ಇರ್ತಾನೆ. ಡೆಕ್ಲನ್‌ನ ಇವತ್ತೇ ಮಣ್ಣು ಮಾಡ್ತಾರೆ."

"ನಿನಗೆ ತಲೆ ನೆಟ್ಟಗಿದೆಯಾ?"

"ನೀನೇ ಸ್ವಲ್ಪ ಕೂತಿರು ಬ್ರೀಜ್. ಅವನಿಗೆ ಗದ್ದಲ ಆಗಲ್ಲ. ಹೆಚ್ಚು ಜನವೂ ಬರಲ್ಲ ಬಿಡು."

ಹೋದಳು. ನಾಚಿಕೆ ಬೇಡವೇ, ಹೋಗಿಯೇ ಹೋದಳು! ಲಾಂಗ್‌ಫರ್ಡ್‌ನಲ್ಲಿ ಚರ್ಚಿನ ಒಳಗೆ ಹೋಗಲು ಪೊಲೀಸರು ಬಿಡಲಿಲ್ಲ. ರಸ್ತೆಯಾಚೆ, ತಡೆಬೇಲಿಯ ಹಿಂದೆ ನಿಂತು ಯಾರದೋ ಛತ್ರಿಯ ನೀರು ಕುತ್ತಿಗೆಗೆ ಬೀಳಿಸಿಕೊಂಡಳು. ಕಂಡದ್ದು ಹೆಣದ ಕಾರಿನ ಹಿಂಭಾಗ. ಸಂಜೆ ಮನೆಗೆ ಬಂದಾಗ ತೊಳೆದ ಕಪ್ಪುಗಳು ಮೇಜಿನ ತುಂಬ ಬೋರಲು ಬಿದ್ದಿದ್ದವು, ಊರವರಿಂದ ತಂದ ಕುರ್ಚಿಗಳು ಅಂಗಳದವರೆಗೂ ಇದ್ದವು.

"ಯಾರಾದ್ರೂ ಬಂದಿದ್ರಾ?" ಎಂದು ಕೇಳಿದಳು.

"ಬಂದಿದ್ರು," ಎಂದು ಬ್ರೀಜ್ ಕೋಟು ಹಾಕಿಕೊಂಡು ಹೊರಟುಹೋದಳು.

ಮಾರನೆಯ ದಿನ ತಮ್ಮನ ಗುಂಡಿಯ ಪಕ್ಕದಲ್ಲೇ ಯಾರೋ ಲಾಂಗ್‌ಫರ್ಡ್ ಹೇಗಿತ್ತೆಂದು ಕೇಳಿದರು. ಅವಳು ಹೇಳಿದಳು ಕೂಡ. ಪಾದ್ರಿಗಳು ಎರಡು ಸಲ ಕೆಮ್ಮಿದ ಮೇಲೆ ನಿಲ್ಲಿಸಿದಳು.

ಕ್ರಿಸ್‌ಮಸ್ ಕಳೆಯಿತು. ಭಾನುವಾರ ಫೆಸ್ಟಸ್‌ನ ಕೋಣೆ ಕಿಕ್ಕಿರಿದಿತ್ತು. ಗೋಲ್‌ಕೀಪರಿಗೆ, ಹವಾಮಾನದವನಿಗೆ, ಯಾವನೋ ಮಂತ್ರಿಗೆ ಬತ್ತಿ ಹಚ್ಚಿ ಆಯಿತು. ಡೆಕ್ಲನ್‌ನ ಸರದಿ ಬಂದಾಗ ಅಟ್ರಾಕ್ಟಾ ಎದ್ದು ಚಹಾದಿಂದ ಹಿಡಿದು ಹೆಗಲಿನವರೆಗೆ ಏನೂ ಬಿಡದೆ ಹೇಳಿ, ಕಣ್ಣೊರೆಸಿಕೊಂಡು ಕೂತಳು. ಎಲ್ಲರೂ ಗ್ಲಾಸು ಎತ್ತಿದರು. ಮುಗಿಯಿತು ಎನ್ನುವಷ್ಟರಲ್ಲಿ ಬ್ರೀಜ್ ಎದ್ದಳು. ಕೈಯಲ್ಲಿ ಒಂದು ಬತ್ತಿ.

"ಇದು ಜಾರ್ಲತ್ ಹೆವರಿನ್‌ಗೆ," ಎಂದಳು.

"ಅಲ್ಲ ಬ್ರೀಜ್," ಎಂದ ಫೆಸ್ಟಸ್, "ಇದು ಹೆಸರುವಾಸಿ ಆದೋರಿಗಲ್ವಾ?"

"ನಿನ್ನ ಹೆಂಡ್ತಿಗೆ ನೋವು ಬಂದ ದಿನ ಆಸ್ಪತ್ರೆ ತನಕ ಮುಂದೆ ಮುಂದೆ ಉಪ್ಪು ಚೆಲ್ಕೊಂಡು ಹೋದೋನು ಯಾರು? ಮಂತ್ರಿನಾ?"

ಫೆಸ್ಟಸ್ ಗ್ಲಾಸು ಒರೆಸತೊಡಗಿದ. ಅಟ್ರಾಕ್ಟಾಳಿಗೆ ಈ ಮಾತು ಹೊಸದು. ಆದರೆ ತನ್ನ ತಮ್ಮನ ಬತ್ತಿಯನ್ನು ಇನ್ನೊಬ್ಬಳು ಹಚ್ಚುವುದೇ? ಊರಿನ ಮುಂದೆ? ದಡಬಡ ಎದ್ದು ಬಂದಳು.

"ಕೊಡಿಲ್ಲಿ. ಒಡಹುಟ್ಟಿದೋಳು ನಾನಿರುವಾಗ ನೀನ್ಯಾರೇ ಹೇಳೋಕೆ?"

ಬ್ರೀಜ್ ಕೊಟ್ಟಳು. ಅಟ್ರಾಕ್ಟಾ ಹಚ್ಚಿದಳು, ಗಂಟಲು ಸರಿಮಾಡಿಕೊಂಡಳು, "ನಮ್ಮ ಜಾರ್ಲತ್..." ಎಂದಳು. ಮುಂದೆ ಏನೂ ಬರಲಿಲ್ಲ.

ಜನ ಕಾದರು. ಡೆಕ್ಲನ್ ಮುಲ್ವೀ ಮೊಟ್ಟೆಯನ್ನು ಎಷ್ಟು ಬೇಯಿಸಿ ತಿನ್ನುತ್ತಿದ್ದ, ಅವನ ನಾಯಿಯ ಹೆಸರೇನು, ಎಲ್ಲ ಅವಳ ಬಾಯಲ್ಲಿತ್ತು. ಜಾರ್ಲತ್ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿದ್ದನೇ? ಹಿತ್ತಲ ಬಾಗಿಲು ಎಳೆದುಕೊಳ್ಳುವ ಸದ್ದು ನೆನಪಾಯಿತು, ಅವನ ಬೆನ್ನು ನೆನಪಾಯಿತು. ಮುಖ ನೆನಪಿಗೆ ತರಲು ಹೆಣಗಾಡಿದಳು. ಕಟ್ಟಿ ಹೇಳುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಡೆಕ್ಲನ್‌ನನ್ನು ಬಲ್ಲವರು ಈ ಊರಿನಲ್ಲಿ ಯಾರೂ ಇರಲಿಲ್ಲ. ಜಾರ್ಲತ್‌ನನ್ನು ಬಲ್ಲವರು ಕೋಣೆಯ ತುಂಬ ಕೂತಿದ್ದರು, ಅವಳ ಬಾಯನ್ನೇ ನೋಡುತ್ತ.

ಬಿಸಿ ಮೇಣ ಬೆರಳಿಗೆ ಇಳಿಯಿತು. ಅವಳು ಬ್ರೀಜಳ ಕಡೆ ತಿರುಗಿದಳು.

"ನೀನೇ ಹೇಳು," ಎಂದಳು. ದನಿ ಸಣ್ಣಗಾಗಿತ್ತು. "ಅವತ್ತು ಬಂದೋರು ಏನೇನ್ ಹೇಳಿದ್ರು? ನನಗೇನೂ ಗೊತ್ತಿಲ್ಲ ಕಣೇ."

ಬ್ರೀಜ್ ಈ ಗಳಿಗೆಗಾಗಿ ನವೆಂಬರಿನಿಂದ ಹಲ್ಲು ಮಸೆದುಕೊಂಡು ಕಾದಿದ್ದಳು. ಈಗ ನೋಡಿದರೆ ಬೈಯಲು ಮನಸ್ಸಾಗಲಿಲ್ಲ. ಹಾಗೆಂದು ಸುಮ್ಮನೆ ಬಿಡುವವಳೂ ಅಲ್ಲ.

"ಅವರು ಹೇಳಿದ್ದು ಆಮೇಲೆ. ಮೊದಲು ನಾನು ಕಂಡದ್ದು ಹೇಳ್ತೀನಿ. ಆ ಡೆಕ್ಲನ್ ಹಾಡು ಕೇಳಿದ್ರೆ ನಿನ್ನ ತಮ್ಮನಿಗೆ ತಲೆ ಸಿಡಿಯೋದು. ನೀನು ರೆಕಾರ್ಡ್ ಹಾಕಿದ್ಯೋ ಇಲ್ವೋ, ನಮ್ಮ ಅಡಿಗೆಮನೇಲಿ ಬಂದು ಕೂರ್ತಿದ್ದ. ನಮ್ಮನೇಲಿ ಎಷ್ಟು ಮಾತಾಡ್ತಿದ್ದ ಗೊತ್ತಾ ಆ ಹುಡುಗ!"

ಯಾರೋ ಕಿಸಕ್ಕೆಂದರು. ಅಟ್ರಾಕ್ಟಾ ಅತ್ತ ನೋಡಲಿಲ್ಲ.

"ಕುರಿ ನೋಡ್ಕೊಂಡ್ ಬರ್ತೀನಿ ಅಂತ ಹೋಗ್ತಿದ್ದ," ಎಂದಳು. "ದಿನಾ ಸಂಜೆ ಕುರಿ ನೋಡೋಕೆ ಹೋಗ್ತಿದ್ದ."

"ಕುರಿ ಮಾರಿ ಹದಿನೈದು ವರ್ಷ ಆಯ್ತಲ್ಲೇ, ಅಟ್ರಾಕ್ಟಾ," ಎಂದಳು ಬ್ರೀಜ್.